ಇಪ್ಪತ್ತೊಂದು ಲೇಪ

ಹೊತ್ತು ಹುಟ್ಟೂಕಿಂತ ಮೊದಲ ಹೋಗಬೇಕು.
ಬಿಸಲು ಬಿತ್ತಂದ್ರ ಕಳ್ಳಿ ಹಾಲು ಒಳಗ ಎಳಕೊಂತೈತಿ,
ಒದಿಯೋ ಎಮ್ಮಿ ಸೊರ ಬಿಡದಂಗ.
ಗುಳೇದಗುಡ್ಡದ ಕೋಟಿ ಕೆಳಗ, ಕೆಂಪು ಕಲ್ಲಿನ ಸಂದ್ಯಾಗ
ಎಲಿಗಳ್ಳಿ ನಿಂತಾವ. ಯಾರೂ ನೆಟ್ಟಿಲ್ಲ.
ಆಡು ಮುಟ್ಟದ ಸೊಪ್ಪಿಲ್ಲಂದಾಂವ
ಇತ್ತ ಹಾದು ಬಂದಿಲ್ಲ.

ಗಾಳಿ ಯಾ ಕಡಿಯಿಂದ ಬರತೈತಿ ನೋಡು,
ಬೆನ್ನು ಅತ್ತ ಮಾಡು. ಮಾರಿ ಒಂದೀಟು ಹೊಳ್ಳಿಸು,
ಬೈಗಳ ಕೇಳೋ ಸೊಸಿಯಂಗ.
ಕುಡಗೋಲ ತುದಿಲೆ ಒಂದ ಗೀರು.
ಹನಿ, ಹನಿ, ಪಿಂಗಾಣಿ ಬಟ್ಟಲಕ್ಕ.
ಇಷ್ಟು ಬೆಳ್ಳಗಿನ ಹಾಲು ನಮ್ಮನಿ ಎಮ್ಮಿನೂ ಕೊಟ್ಟಿಲ್ಲ.

ಖಣ ನೇಯ್ದ ಕೈ ನಂದು. ಮೂವತ್ತೊಂದು ವರ್ಷ
ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕುಂತೆ.
ಮಗ್ಗ ಮಾರಿದ ಮ್ಯಾಲೆ ವೈದ್ಯ ಮಾಗುಂಡಯ್ಯ ಅಂದ:
"ನೂಲಿನ ಹದಾ ಗೊತ್ತಿದ್ದೋರು ಬೇಕಾಗ್ಯಾರ, ಬರ್ತಿಯೇನು?"

ಚೌಕಟ್ಟಿಗೆ ಎಳಿ ಬಿಗಿಯಬೇಕು, ಹಾಸು ಹೂಡಿದಂಗ.
ಮೊದಲ ಹನ್ನೊಂದು ದಿನ ಬರೇ ಹಾಲು,
ದಿನಕ್ಕ ಒಂದ ಕೈ. ಒಣಗಬೇಕು.
ನಿನ್ನಿದು ನಡಿಯಂಗಿಲ್ಲ, ನಾಳಿಗೆ ಮತ್ತ ಹೊಸಾ ಗೀರು.
ಆಮ್ಯಾಲೆ ಏಳು ದಿನ
ಹಾಲಿನ ಮ್ಯಾಲೆ ಉತ್ತರಾಣಿ ಸುಟ್ಟು ತಗದ ಉಪ್ಪು.
ಕಡೀಗೆ ಮೂರು, ಅರಿಷಿಣ.
ಮದವಿ ನೂಲಿನಂಗ ಕಾಣತೈತಿ.
ಬೆರಳಿಗೆ ಸುತ್ತಿ ನೋಡು, ಗೊತ್ತಾಕ್ಕೈತಿ.

ಅದನ್ನ ಎಲ್ಲಿ ಹಾಕ್ತಾರ ಅಂತ ಕೇಳಬ್ಯಾಡ್ರಿ.
ಕೇಳಿದವರು ನಗತಾರ,
ಹಾಕಿಸಿಕೊಂಡವರು ನಗಂಗಿಲ್ಲ.
ಕುಂಡ್ರಾಕ ಬರದ ಜಾಗಾದಾಗ, ಕೀವು ಮಾಡಿಕೊಂಡ ಹಾದಿಯೊಳಗ
ಎಳಿ ಪೋಣಿಸಿ ಗಂಟು ಹಾಕ್ತಾನ ವೈದ್ಯ.
ವಾರಕ್ಕೊಮ್ಮೆ ಹಳೇದು ಬಿಚ್ಚಿ ಹೊಸಾದು.
ಕೆಟ್ಟ ಮಾಂಸ ಕೊಯ್ಕೊಂತ ಹೋಗತೈತಿ,
ಹಿಂದಿಂದ ಚಲೋದು ಕೂಡಿಕೊಂತ ಬರತೈತಿ.

ಇದ ಹಾಲು ನನ್ನ ಮಾವನ ತಮ್ಮನ್ನ ತಿಂತು.
ಹೊಟ್ಟಿ ಕಟ್ಟಿತ್ತು. ಯಾರೋ ಹೇಳಿದ್ರು,
ಕಡ್ಲಿ ಕಳ್ಳಿಹಾಲಿನ್ಯಾಗ ನೆನಸಿ, ಒಣಗಿಸಿ, ಒಂದು ನುಂಗು ಅಂತ.
ಒಂದಕ್ಕ ಆಗಲಿಲ್ಲಂತ ಐದು ನುಂಗಿದ.
ರಾತ್ರಿ ಎಲ್ಲಾ ಚರಿಗಿ ಹಿಡದು ಓಡ್ಯಾಡಿದ,
ನಸುಕಿನ್ಯಾಗ ಚರಿಗಿ ಎತ್ತಾಕೂ ಆಗಲಿಲ್ಲ.
ಬಾಗಲಕೋಟಿ ದವಾಖಾನಿ ಮುಟ್ಟೂದರೊಳಗ
ತುಟಿ ಮಡಕಿ ಚೂರು ಆಗಿದ್ವು.
ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ ಅಂತ ಹುಡುಗರಿಗೆ ಹೇಳತೀವಿ.
ಅಂವಗ ಎಪ್ಪತ್ತಾಗಿತ್ತು, ಯಾರು ಹೇಳಬೇಕು?

ನನಗೂ ಒಮ್ಮೆ ಬಿತ್ತು. ಬಲಗಣ್ಣು.
ಬೆವರು ಒರಸಿಕೊಂಡೆ, ಅಷ್ಟ.
ಖಾರಾ ಅರಿಯೋ ಕಲ್ಲು ಗುಡ್ಡಿ ಮ್ಯಾಲೆ ಉರುಳಿದಂಗಾತು.
ಬಾಜು ಮನಿ ಬೀಬಿಜಾನ್, ಹಸಗೂಸಿನ ತಾಯಿ,
ಎದಿಹಾಲು ಹಿಂಡತೀನಿ ಅಂತ ಓಡಿ ಬಂದಳು.
ಹಾಲಿಗೆ ಹಾಲು ಮದ್ದಂತ.
ವೈದ್ಯ ತಡದ: ನೀರು ಹಾಕ್ರಿ, ಬರೇ ನೀರು, ಕೊಡದ ಮ್ಯಾಲೆ ಕೊಡಾ.
ಪಾಪ, ನೀರೂ ಆಕಿನ ಸೇದಿ ಹಾಕಿದಳು.
ನಾಕು ದಿನ ಪಟ್ಟಿ ಕಟಗೊಂಡು ಕುಂತೆ.
ಈಗ ಆ ಕಣ್ಣಿಗೆ ದೀಪದ ಸುತ್ತ ಬಣ್ಣದ ಬಳಿ ಕಾಣತೈತಿ,
ನಾ ನೇಯ್ದ ಖಣದ ಅಂಚೆಲ್ಲಾ ಅಲ್ಲೇ ಅದಾವ.

ಮೊನ್ನೆ ನಮ್ಮ ಸಾವಕಾರ ಬಂದಿದ್ದ,
ಎಳಿ ಹರದ್ರ ಕೂಲಿ ಹರೀತಿದ್ದಾಂವ.
ಕುರ್ಚಿ ಕೊಟ್ಟೆ. ಒಲ್ಲೆ ಅಂದ.
ನಿಂತ ಮಳಿ ಮಾತಾಡಿದ, ರೇಷ್ಮಿ ಧಾರಣಿ ಮಾತಾಡಿದ,
ಪರದೆ ಆಚಿ ಹೋದ, ಭಾಳ ಹೊತ್ತಿಗೆ ಬಂದ,
ಗ್ವಾಡಿ ಹಿಡಕೊಂಡು ಕೇಳಿದ:
"ಸಾವಂತ್ರೆವ್ವಾ, ಆ ನೂಲು ನೀ ಮಾಡಿದ್ದೇನು?"
ಹೌದ್ರಿ.
"ಹರಿಯಂಗಿಲ್ಲಲಾ?"
ನಿಮ್ಮ ಲೆಕ್ಕದ ಪುಸ್ತಕದಾಗ ನೋಡ್ರಿ,
ಅದರಾಗ ಭಾಳ ಹರದಾವ, ಅಂದೆ.
ಇದು ಹರಿಯಂಗಿಲ್ಲ.

ಮುಂದಿನ ಸ್ವಾಮಾರ ಬರ್ರಿ ಅಂದು ಒಳಗ ಹೋದೆ.
ಬಟ್ಟಲದಾಗ ಹಾಲು ಹೆಪ್ಪಾಗಿ ಕುಂತಿತ್ತು,
ಉಗುರಿಗೂ ಬರವಲ್ದು.
ನಾಳಿಗೆ ಒಂಬತ್ತನೇ ಕೈ.